ಆಟದ ಸದ್ದು ಕೇಳುತ್ತದೆ, ಸಂಗೀತ ಕೇಳುವುದಿಲ್ಲ: ಎಮ್ಯುಲೇಟರ್‌ನೊಳಗೆ ಸಿಡಿ ಆಡಿಯೊ ನುಡಿಸುವ ಬಗೆ

1990ರ ದಶಕದ ಆಟವೊಂದನ್ನು ಇಂದಿನ ಕಂಪ್ಯೂಟರಿನಲ್ಲಿ, ಎಮ್ಯುಲೇಟರ್‌ನೊಳಗೆ ಸ್ಥಾಪಿಸಿದ ಡಾಸ್ ಅಥವಾ ವಿಂಡೋಸ್ 95ರಲ್ಲಿ ನಡೆಸಿ ನೋಡುವವರಿಗೆ ಒಂದು ವಿಚಿತ್ರ ತೊಡಕು ಎದುರಾಗುವುದುಂಟು. ಆಟ ತೆರೆದುಕೊಳ್ಳುತ್ತದೆ, ಚಿತ್ರ ಸರಿಯಾಗಿ ಮೂಡುತ್ತದೆ, ಗುಂಡಿನ ಸದ್ದು, ಬಾಗಿಲಿನ ಕಿರುಗುಟ್ಟುವಿಕೆ, ಹೆಜ್ಜೆಯ ಸಪ್ಪಳ ಎಲ್ಲವೂ ಕೇಳುತ್ತವೆ; ಹಿನ್ನೆಲೆ ಸಂಗೀತ ಮಾತ್ರ ಇಲ್ಲವೇ ಇಲ್ಲ. ಸೌಂಡ್ ಕಾರ್ಡಿನ ಡ್ರೈವರನ್ನು (ಅದನ್ನು ನಡೆಸುವ ತಂತ್ರಾಂಶವನ್ನು) ತೆಗೆದು ಮತ್ತೆ ಹಾಕಿದರೂ ಪ್ರಯೋಜನವಾಗುವುದಿಲ್ಲ, ಏಕೆಂದರೆ ಆ ಡ್ರೈವರ್ ಮೊದಲಿನಿಂದಲೂ ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ. ಕಾಣೆಯಾದ ಸಂಗೀತ ಅಂದಿನ ಕಂಪ್ಯೂಟರುಗಳಲ್ಲಿ ಬೇರೆಯದೇ ಒಂದು ದಾರಿಯಲ್ಲಿ ಸಾಗಿ ಸ್ಪೀಕರನ್ನು ಸೇರುತ್ತಿತ್ತು. ಆ ದಾರಿ ಯಾವುದು, ಎಮ್ಯುಲೇಟರ್ ಅದನ್ನು ಹೇಗೆ ಮರುನಿರ್ಮಿಸುತ್ತದೆ, ಅದು ಎಲ್ಲೆಲ್ಲಿ ತುಂಡಾಗಬಹುದು ಎಂಬುದನ್ನು ಅರಿತರೆ ದೋಷವನ್ನು ಊಹೆಯಿಂದಲ್ಲದೆ ಕ್ರಮವಾಗಿ ಹುಡುಕಲು ಸಾಧ್ಯವಾಗುತ್ತದೆ.

ಮೊದಲಿಗೆ ಕೆಲವು ಪದಗಳನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಒಂದು ಕಂಪ್ಯೂಟರಿನ ಪ್ರೊಸೆಸರ್, ಡಿಸ್ಕ್ ಡ್ರೈವ್, ಸೌಂಡ್ ಕಾರ್ಡ್ ಮುಂತಾದ ಬಿಡಿಭಾಗಗಳಂತೆಯೇ ವರ್ತಿಸುವ ತಂತ್ರಾಂಶಕ್ಕೆ ಎಮ್ಯುಲೇಟರ್ ಎನ್ನುತ್ತಾರೆ. ಅದರೊಳಗೆ ನಡೆಯುವ ಹಳೆಯ ಆಪರೇಟಿಂಗ್ ಸಿಸ್ಟಮನ್ನು ಅತಿಥಿ ಎಂದೂ, ಅದನ್ನು ಹೊತ್ತಿರುವ ಇಂದಿನ ಕಂಪ್ಯೂಟರನ್ನು ಆತಿಥೇಯ ಎಂದೂ ಕರೆಯೋಣ. ಡಿಸ್ಕಿನಲ್ಲಿರುವುದನ್ನು ನಕಲು ಮಾಡಿ ಫೈಲ್ ರೂಪದಲ್ಲಿ ಇಟ್ಟುಕೊಂಡದ್ದು ಡಿಸ್ಕ್ ಇಮೇಜ್. ಅತಿಥಿಯ ಪಾಲಿಗೆ ಈ ಇಮೇಜೇ ಡ್ರೈವಿನಲ್ಲಿ ಕುಳಿತಿರುವ ಸಿಡಿ.

ಒಂದೇ ಡಿಸ್ಕಿನಲ್ಲಿ ಎರಡು ಬಗೆಯ ಟ್ರ್ಯಾಕ್

ಸಂಗೀತದ ಸಿಡಿಯ ನಿಯಮಾವಳಿಯನ್ನು ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು 1980ರಲ್ಲಿ ರೂಪಿಸಿದವು; ಅದು ರೆಡ್ ಬುಕ್ ಎಂದು ಹೆಸರಾಯಿತು. ಸಿಡಿಗಳು ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಈ ನಿಯಮದ ಪ್ರಕಾರ ಧ್ವನಿಯ ಮಟ್ಟವನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಎಡ ಮತ್ತು ಬಲ ವಾಹಿನಿಗಳಲ್ಲಿ ಪ್ರತಿಯೊಂದು ಅಳತೆಗೂ 16 ಬಿಟ್‌ಗಳಂತೆ ಬರೆದಿಡಲಾಗುತ್ತದೆ. ಹೀಗೆ ಒಂದು ಸೆಕೆಂಡಿನ ಸಂಗೀತಕ್ಕೆ 1,76,400 ಬೈಟ್‌ಗಳು ಬೇಕಾಗುತ್ತವೆ. ಡಿಸ್ಕಿನ ಮೇಲೆ ಒಂದು ಸೆಕೆಂಡನ್ನು 75 ಸೆಕ್ಟರ್‌ಗಳಾಗಿ ವಿಂಗಡಿಸಿರುವುದರಿಂದ ಒಂದೊಂದು ಸೆಕ್ಟರಿನ ಪಾಲಿಗೆ 2,352 ಬೈಟ್‌ಗಳು ಬರುತ್ತವೆ. ಈ ಸಂಖ್ಯೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಬರುವ ಅರ್ಧಕ್ಕಿಂತ ಹೆಚ್ಚು ತೊಂದರೆಗಳ ಮೂಲ ಇಲ್ಲಿಯೇ ಇದೆ.

ಕಂಪ್ಯೂಟರ್ ಫೈಲುಗಳನ್ನು ಸಿಡಿಯಲ್ಲಿ ಇಡುವ ಕಾಲ ಬಂದಾಗ ಸೆಕ್ಟರಿನ ಅಳತೆ ಅಷ್ಟೇ ಉಳಿಯಿತು, ಒಳಗಿನ ಹಂಚಿಕೆ ಬದಲಾಯಿತು. ಸಂಗೀತದಲ್ಲಿ ಒಂದೆರಡು ಬೈಟ್ ತಪ್ಪಿದರೂ ಪ್ಲೇಯರ್ ಅಕ್ಕಪಕ್ಕದ ಅಳತೆಗಳನ್ನು ನೋಡಿ ತೇಪೆ ಹಾಕುತ್ತದೆ, ಕಿವಿಗೆ ಅದು ಗೊತ್ತಾಗುವುದಿಲ್ಲ. ಪ್ರೋಗ್ರಾಮಿನಲ್ಲಿ ಒಂದು ಬಿಟ್ ತಪ್ಪಿದರೂ ಅದು ನಿಂತುಹೋಗಬಹುದು. ಆದ್ದರಿಂದ ಡೇಟಾ ಸೆಕ್ಟರಿನಲ್ಲಿ 2,048 ಬೈಟ್‌ಗಳನ್ನು ಮಾತ್ರ ಬಳಕೆದಾರರ ಮಾಹಿತಿಗೆ ಬಿಟ್ಟು, ಉಳಿದ 304 ಬೈಟ್‌ಗಳನ್ನು ಸೆಕ್ಟರಿನ ಆರಂಭವನ್ನು ಗುರುತಿಸಲು, ಅದರ ವಿಳಾಸಕ್ಕೆ ಮತ್ತು ತಪ್ಪು ತಿದ್ದುವ ಸಂಕೇತಗಳಿಗೆ ಮೀಸಲಿಡಲಾಯಿತು.

ಈ ಎರಡೂ ಬಗೆಯ ಟ್ರ್ಯಾಕ್‌ಗಳು ಒಂದೇ ಡಿಸ್ಕಿನಲ್ಲಿ ಇರಬಹುದು. ಮಿಕ್ಸ್ಡ್ ಮೋಡ್ ಎಂದು ಕರೆಯುವ ಇಂತಹ ಡಿಸ್ಕಿನ 1ನೇ ಟ್ರ್ಯಾಕಿನಲ್ಲಿ ಆಟದ ಫೈಲುಗಳೂ 2ನೇ ಟ್ರ್ಯಾಕಿನಿಂದ ಮುಂದಕ್ಕೆ ಸಾಮಾನ್ಯ ಹಾಡಿನ ಸಿಡಿಯಲ್ಲಿರುವಂತಹ ಸಂಗೀತವೂ ಇರುತ್ತವೆ. 1996ರಲ್ಲಿ ಬಂದ ಕ್ವೇಕ್ ಆಟದ ಸಿಡಿ ಇದಕ್ಕೆ ಒಳ್ಳೆಯ ಉದಾಹರಣೆ: ಅದರ 2ರಿಂದ 11ರವರೆಗಿನ ಟ್ರ್ಯಾಕ್‌ಗಳನ್ನು ಮನೆಯ ಸಿಡಿ ಪ್ಲೇಯರಿನಲ್ಲಿ ಹಾಕಿಯೂ ಕೇಳಬಹುದು. ಯಾವ ಟ್ರ್ಯಾಕ್ ಎಲ್ಲಿ ಶುರುವಾಗುತ್ತದೆ, ಅದು ಸಂಗೀತವೋ ಡೇಟಾವೋ ಎಂಬ ವಿವರ ಡಿಸ್ಕಿನ ಒಳಅಂಚಿನಲ್ಲಿರುವ ವಿಷಯಸೂಚಿಯಲ್ಲಿ ಇರುತ್ತದೆ. ಒಂದು ಡಿಸ್ಕಿನಲ್ಲಿ ಹೆಚ್ಚೆಂದರೆ 99 ಟ್ರ್ಯಾಕ್‌ಗಳು ಇರಬಹುದು.

ಪ್ರೊಸೆಸರನ್ನು ಮುಟ್ಟದೆ ಸಾಗುತ್ತಿದ್ದ ಸಂಗೀತ

ಸೆಕೆಂಡಿಗೆ 1,76,400 ಬೈಟ್‌ಗಳನ್ನು ಎಡೆಬಿಡದೆ ಓದಿ ಸೌಂಡ್ ಕಾರ್ಡಿಗೆ ಸುರಿಯುತ್ತಲೇ ಆಟವನ್ನೂ ನಡೆಸುವುದು ಅಂದಿನ ಪ್ರೊಸೆಸರುಗಳಿಗೆ ಭಾರವಾದ ಕೆಲಸವಾಗಿತ್ತು. ಅದರ ಅಗತ್ಯವೂ ಇರಲಿಲ್ಲ. ಸಿಡಿ ಡ್ರೈವಿನೊಳಗೆ ಅಂಕಿಗಳನ್ನು ವಿದ್ಯುತ್ ಸಂಕೇತವನ್ನಾಗಿ ಪರಿವರ್ತಿಸುವ ಚಿಪ್ ಇರುತ್ತಿತ್ತು. ಅಂದರೆ ಡ್ರೈವ್ ತಾನೇ ಒಂದು ಪೂರ್ಣ ಪ್ರಮಾಣದ ಸಿಡಿ ಪ್ಲೇಯರ್ ಆಗಿತ್ತು. ಹಲವು ಡ್ರೈವುಗಳ ಮುಖದ ಮೇಲೆ ಹೆಡ್‌ಫೋನ್ ಸಿಕ್ಕಿಸುವ ತೂತು, ಧ್ವನಿ ಏರಿಳಿಸುವ ಪುಟ್ಟ ಚಕ್ರ, ಕೆಲವದರಲ್ಲಿ ನುಡಿಸುವ ಗುಂಡಿಯೂ ಇದ್ದವು.

ಡ್ರೈವಿನ ಹಿಂಬದಿಯಿಂದ ನಾಲ್ಕು ಪಿನ್ನಿನ ಒಂದು ತೆಳ್ಳಗಿನ ಕೇಬಲ್ ಹೊರಟು ನೇರವಾಗಿ ಸೌಂಡ್ ಕಾರ್ಡಿಗೆ ಸೇರುತ್ತಿತ್ತು. ಒಂದು ತಂತಿ ಎಡ ವಾಹಿನಿಗೆ, ಇನ್ನೊಂದು ಬಲಕ್ಕೆ, ಉಳಿದೆರಡು ಗ್ರೌಂಡಿಗೆ. ಸೌಂಡ್ ಕಾರ್ಡಿನ ಮಿಕ್ಸರ್ ಈ ಸಂಕೇತವನ್ನು ಆಟದ ಉಳಿದ ಸದ್ದಿನೊಂದಿಗೆ ಬೆರೆಸಿ ಸ್ಪೀಕರಿಗೆ ಕಳುಹಿಸುತ್ತಿತ್ತು. ಪಕ್ಕದ ಕೋಣೆಯಲ್ಲಿ ಕುಳಿತ ವಾದಕನಿಗೆ ‘ಮೂರನೆಯದನ್ನು ನುಡಿಸು’ ಎಂದು ಚೀಟಿ ಕಳಿಸಿದರೆ, ಚೀಟಿ ಬಾಗಿಲಿನಿಂದ ಹೋಗುತ್ತದೆ, ನಾದ ಕಿಟಕಿಯಿಂದ ಬರುತ್ತದೆ. ಪ್ರೊಸೆಸರಿಗೂ ಡ್ರೈವಿಗೂ ಇದ್ದ ನಂಟು ಇಷ್ಟೇ. ಆಟ ‘ಇಂತಹ ನಿಮಿಷದಿಂದ ಇಂತಹ ನಿಮಿಷದವರೆಗೆ ನುಡಿಸು’ ಎಂಬ ಆದೇಶ ಕೊಟ್ಟು ತನ್ನ ಕೆಲಸಕ್ಕೆ ಮರಳುತ್ತಿತ್ತು. ಆ ಕೇಬಲ್ ಸಿಕ್ಕಿಸಲು ಮರೆತ ಅಂದಿನ ಅಸಲಿ ಕಂಪ್ಯೂಟರುಗಳಲ್ಲೂ ಇಂದು ಎಮ್ಯುಲೇಟರಿನಲ್ಲಿ ಕಾಣುವ ಲಕ್ಷಣವೇ ಕಾಣುತ್ತಿತ್ತು ಎಂಬುದನ್ನು ಇಲ್ಲಿ ಹೇಳಬೇಕು: ಎಲ್ಲ ಸದ್ದೂ ಇದೆ, ಸಂಗೀತವಿಲ್ಲ.

ಈ ಏರ್ಪಾಟಿಗೆ ಒಂದು ಮಿತಿಯೂ ಇತ್ತು. ಡ್ರೈವಿಗೆ ಇರುವುದು ಒಂದೇ ಲೇಸರ್ ಕಣ್ಣು. ಅದು ಸಂಗೀತ ನುಡಿಸುತ್ತಿರುವಾಗ ಫೈಲ್ ಓದಲು ಹೊರಟರೆ ಸಂಗೀತ ನಿಲ್ಲುತ್ತದೆ. ಆದ್ದರಿಂದ ಆಟಗಳು ಒಂದು ಹಂತಕ್ಕೆ ಬೇಕಾದದ್ದನ್ನೆಲ್ಲ ಮೊದಲೇ ಮೆಮೊರಿಗೆ ತುಂಬಿಕೊಂಡು ಆಮೇಲೆ ಸಂಗೀತ ಶುರುಮಾಡುತ್ತಿದ್ದವು. ಹಂತ ಬದಲಾಗುವಾಗ ಎಮ್ಯುಲೇಟರಿನಲ್ಲಿ ಸಂಗೀತ ಕಡಿದುಹೋದರೆ ಅದನ್ನು ದೋಷವೆಂದು ತಿಳಿಯಬೇಕಾಗಿಲ್ಲ, ಅಸಲಿ ಯಂತ್ರವೂ ಹಾಗೆಯೇ ಮಾಡುತ್ತಿತ್ತು.

ಎಮ್ಯುಲೇಟರ್ ಮಾಡಬೇಕಾದ ಕೆಲಸ

ಎಮ್ಯುಲೇಟರಿನೊಳಗೆ ಲೇಸರೂ ಇಲ್ಲ, ನಾಲ್ಕು ಪಿನ್ನಿನ ಕೇಬಲೂ ಇಲ್ಲ. ಫೈಲ್ ಓದುವ ಆದೇಶಕ್ಕೆ ಉತ್ತರ ಕೊಡುವ ಡ್ರೈವನ್ನು ಬರೆಯುವುದು ಹೋಲಿಕೆಯಲ್ಲಿ ಸುಲಭ. ಸಂಗೀತಕ್ಕಾದರೆ ಅದು ಇನ್ನೂ ನಾಲ್ಕು ಕೆಲಸಗಳನ್ನು ಮಾಡಬೇಕು: ಟ್ರ್ಯಾಕ್‌ಗಳ ವಿಷಯಸೂಚಿಯನ್ನು ಸರಿಯಾಗಿ ಒಪ್ಪಿಸಬೇಕು, ನುಡಿಸುವ ಮತ್ತು ತಡೆಯುವ ಆದೇಶಗಳನ್ನು ಅರ್ಥ ಮಾಡಿಕೊಳ್ಳಬೇಕು, ಇಮೇಜಿನಿಂದ ಸೆಕೆಂಡಿಗೆ 75 ಸೆಕ್ಟರಿನಂತೆ ಓದಿ ಅದನ್ನು ಅನುಕರಿಸಿದ ಸೌಂಡ್ ಕಾರ್ಡಿನ ಮಿಕ್ಸರಿಗೆ ಬೆರೆಸಬೇಕು, ಮತ್ತು ‘ಈಗ ಎಲ್ಲಿದ್ದೀಯ, ಇನ್ನೂ ನುಡಿಸುತ್ತಿದ್ದೀಯಾ’ ಎಂದು ಅತಿಥಿ ಕೇಳಿದಾಗ ಸರಿಯಾದ ಉತ್ತರ ಕೊಡಬೇಕು.

ಎಲ್ಲ ಎಮ್ಯುಲೇಟರುಗಳೂ ಇದನ್ನು ಮಾಡುವುದಿಲ್ಲ ಎಂಬುದು ಮೊದಲು ತಿಳಿಯಬೇಕಾದ ವಿಷಯ. ಡಾಸ್‌ಬಾಕ್ಸ್ ಡಾಸ್ ಆಟಗಳಿಗಾಗಿಯೇ ಬರೆದದ್ದಾದ್ದರಿಂದ ಇದನ್ನು ಚೆನ್ನಾಗಿ ನಿಭಾಯಿಸುತ್ತದೆ. ಪಿಸೆಮ್ ಮತ್ತು 86ಬಾಕ್ಸ್ ಇಡೀ ಕಂಪ್ಯೂಟರನ್ನು ಬಿಡಿಭಾಗದ ಮಟ್ಟದಲ್ಲಿ ಅನುಕರಿಸುವುದರಿಂದ ಅವುಗಳಲ್ಲಿ ವಿಂಡೋಸ್ 95 ಅಥವಾ 98 ಹಾಕಿದರೆ ಸಿಡಿ ಸಂಗೀತ ಅಸಲಿ ಯಂತ್ರದಂತೆಯೇ ಮಿಕ್ಸರಿನ ಮೂಲಕ ಬರುತ್ತದೆ. ಕ್ಯೂಇಎಂಯುವಿನ ಸಂಗತಿ ಬೇರೆ: ಅದರ ಸಿಡಿ ಡ್ರೈವ್ ಅತಿಥಿಗೆ ಒಂದೇ ಒಂದು ಡೇಟಾ ಟ್ರ್ಯಾಕನ್ನು ತೋರಿಸುತ್ತದೆ, ನುಡಿಸುವ ಆದೇಶ ಅದಕ್ಕೆ ಗೊತ್ತೇ ಇಲ್ಲ. ವೇಗದ ದೃಷ್ಟಿಯಿಂದ ಅದನ್ನು ಆರಿಸಿಕೊಂಡವರು ಅತಿಥಿಯೊಳಗೆ ಎಷ್ಟೇ ಸೆಟ್ಟಿಂಗ್ ಬದಲಿಸಿದರೂ ಆ ಡ್ರೈವಿನಿಂದ ಸಂಗೀತ ಹೊರಡುವುದಿಲ್ಲ.

ಐಎಸ್‌ಒ ಫೈಲಿನಲ್ಲಿ ಹಾಡು ಇರುವುದಿಲ್ಲ

ಸಂಗೀತ ಕೇಳದಿರುವುದಕ್ಕೆ ಅತಿ ಸಾಮಾನ್ಯವಾದ ಕಾರಣ ಎಮ್ಯುಲೇಟರ್ ಅಲ್ಲ, ಇಮೇಜ್. ಸಿಡಿಯ ನಕಲು ಎಂದೊಡನೆ ಎಲ್ಲರಿಗೂ ಹೊಳೆಯುವುದು ಐಎಸ್‌ಒ ಫೈಲ್. ಆದರೆ ಐಎಸ್‌ಒ ಎನ್ನುವುದು ಡೇಟಾ ಟ್ರ್ಯಾಕಿನ 2,048 ಬೈಟ್‌ಗಳ ತುಂಡುಗಳನ್ನು ಒಂದರ ಹಿಂದೆ ಒಂದು ಜೋಡಿಸಿದ ಸಾಲು, ಅಷ್ಟೇ. 2,352 ಬೈಟ್‌ಗಳ ಸಂಗೀತದ ಸೆಕ್ಟರಿಗೆ ಅದರಲ್ಲಿ ಜಾಗವಿಲ್ಲ, ಟ್ರ್ಯಾಕ್‌ಗಳ ಪಟ್ಟಿ ಇಡಲೂ ಸ್ಥಳವಿಲ್ಲ. ಆಟದ ಸಿಡಿಯಿಂದ ಐಎಸ್‌ಒ ಮಾಡಿದ ಕ್ಷಣದಲ್ಲೇ ಸಂಗೀತ ಹೊರಗುಳಿಯುತ್ತದೆ, ಅದೂ ಯಾವ ಎಚ್ಚರಿಕೆಯ ಸಂದೇಶವೂ ಇಲ್ಲದೆ.

ಇದನ್ನು ಪತ್ತೆ ಹಚ್ಚಲು ಫೈಲಿನ ಗಾತ್ರ ನೋಡಿದರೆ ಸಾಕು. ಸಿಡಿ ಸಂಗೀತ ನಿಮಿಷಕ್ಕೆ ಹೆಚ್ಚುಕಡಿಮೆ 10 ಎಂಬಿ ಜಾಗ ತೆಗೆದುಕೊಳ್ಳುತ್ತದೆ. ಅರ್ಧ ಗಂಟೆಯ ಸಂಗೀತವಿರುವ ಡಿಸ್ಕಿನ ಇಮೇಜ್ 300 ಎಂಬಿಗಿಂತ ಕಡಿಮೆ ಇದ್ದರೆ ಅದರಲ್ಲಿ ಸಂಗೀತವಿಲ್ಲವೆಂದೇ ಅರ್ಥ. ಡಾಸ್‌ಬಾಕ್ಸಿನಲ್ಲಿ ಸಿಡಿಯ ಫೈಲುಗಳನ್ನು ಫೋಲ್ಡರಿಗೆ ನಕಲು ಮಾಡಿ ಆ ಫೋಲ್ಡರನ್ನೇ ಸಿಡಿ ಎಂದು ಜೋಡಿಸುವವರಿಗೂ ಇದೇ ಗತಿ. ಫೋಲ್ಡರಿಗೆ ಟ್ರ್ಯಾಕ್ ಎಂಬುದೇ ಇರುವುದಿಲ್ಲ.

ಕ್ಯೂ ಫೈಲನ್ನು ಓದುವುದು ಹೇಗೆ

ಬೇಕಾದದ್ದು ಬಿನ್ ಮತ್ತು ಕ್ಯೂ ಎಂಬ ಜೋಡಿ ಫೈಲುಗಳು. ಬಿನ್ ಫೈಲಿನಲ್ಲಿ ಎಲ್ಲ ಟ್ರ್ಯಾಕ್‌ಗಳ ಸೆಕ್ಟರುಗಳೂ ಪೂರ್ತಿ 2,352 ಬೈಟ್‌ಗಳ ಸಮೇತ ಇರುತ್ತವೆ. ಕ್ಯೂ ಫೈಲ್ ಕೆಲವೇ ಸಾಲುಗಳ ಸರಳ ಪಠ್ಯ; ಡಿಸ್ಕಿನ ವಿಷಯಸೂಚಿಯ ಪಾತ್ರವನ್ನು ಅದು ವಹಿಸುತ್ತದೆ. ಯಾವುದೇ ಪಠ್ಯ ಸಂಪಾದಕದಲ್ಲಿ ಅದನ್ನು ತೆರೆದು ನೋಡಬಹುದು. ಅದರಲ್ಲಿನ ಆದೇಶಗಳು ರೋಮನ್ ಲಿಪಿಯ ದೊಡ್ಡಕ್ಷರಗಳಲ್ಲಿರುತ್ತವೆ. ಕನ್ನಡ ಲಿಪಿಯಲ್ಲಿ ಬರೆದರೆ ಸಾಲುಗಳು ಹೀಗೆ ಕಾಣುತ್ತವೆ:

ಫೈಲ್ "ಗೇಮ್.ಬಿನ್" ಬೈನರಿ
ಟ್ರ್ಯಾಕ್ 01 ಮೋಡ್1/2352
ಇಂಡೆಕ್ಸ್ 01 00:00:00
ಟ್ರ್ಯಾಕ್ 02 ಆಡಿಯೊ
ಪ್ರಿಗ್ಯಾಪ್ 00:02:00
ಇಂಡೆಕ್ಸ್ 01 08:14:30

ಮೊದಲ ಸಾಲು ಬಿನ್ ಫೈಲಿನ ಹೆಸರು ಹೇಳುತ್ತದೆ. ಬಿನ್ ಫೈಲಿಗೆ ಹೊಸ ಹೆಸರಿಟ್ಟು ಈ ಸಾಲನ್ನು ತಿದ್ದದೆ ಬಿಟ್ಟರೆ ಎಮ್ಯುಲೇಟರಿಗೆ ಏನೂ ಸಿಗುವುದಿಲ್ಲ. ಇಮೇಜ್ ತೆರೆಯಲಾಗಲಿಲ್ಲ ಎಂಬ ದೂರುಗಳನ್ನು ಕಂಡಾಗ ನಾನು ಮೊದಲು ಅನುಮಾನಿಸುವುದು ಇದನ್ನೇ. ಮೋಡ್1/2352 ಎಂಬುದು ಡೇಟಾ ಟ್ರ್ಯಾಕಿನ ಗುರುತು, ಆಡಿಯೊ ಎಂಬುದು ಸಂಗೀತದ್ದು. ಇಂಡೆಕ್ಸ್ ಮುಂದಿರುವ ಮೂರು ಸಂಖ್ಯೆಗಳಲ್ಲಿ ಮೊದಲನೆಯದು ನಿಮಿಷ, ಎರಡನೆಯದು ಸೆಕೆಂಡ್, ಮೂರನೆಯದು ಸೆಕ್ಟರ್. ಮೂರನೆಯದು 0ಯಿಂದ 74ರವರೆಗೆ ಮಾತ್ರ ಇರಬಹುದು, ಏಕೆಂದರೆ ಸೆಕೆಂಡಿಗೆ 75 ಸೆಕ್ಟರುಗಳು. ಮೇಲಿನ ಉದಾಹರಣೆಯಲ್ಲಿ 8 ನಿಮಿಷ 14 ಸೆಕೆಂಡ್ ಎಂದರೆ 494 ಸೆಕೆಂಡ್. ಅದನ್ನು 75ರಿಂದ ಗುಣಿಸಿ 30 ಸೇರಿಸಿದರೆ 37,080 ಸೆಕ್ಟರ್. ಅದನ್ನು 2,352ರಿಂದ ಗುಣಿಸಿದರೆ ಬಿನ್ ಫೈಲಿನಲ್ಲಿ ಎಷ್ಟನೆಯ ಬೈಟಿನಿಂದ ಸಂಗೀತ ಶುರುವಾಗುತ್ತದೆ ಎಂಬುದು ಸಿಗುತ್ತದೆ. ಎಮ್ಯುಲೇಟರ್ ಮಾಡುವ ಲೆಕ್ಕವೂ ಇದೇ.

ಪ್ರಿಗ್ಯಾಪ್ ಎಂಬ ಸಾಲು ಗೊಂದಲದ ಮೂಲ. ಡೇಟಾ ಟ್ರ್ಯಾಕ್ ಮುಗಿದು ಸಂಗೀತ ಶುರುವಾಗುವ ಮುನ್ನ ಡಿಸ್ಕಿನಲ್ಲಿ 2 ಸೆಕೆಂಡುಗಳ, ಅಂದರೆ 150 ಸೆಕ್ಟರುಗಳ ತೆರಪು ಇರುತ್ತದೆ. ಇಮೇಜ್ ಮಾಡುವ ಕೆಲವು ತಂತ್ರಾಂಶಗಳು ಈ ತೆರಪನ್ನು ಬಿನ್ ಫೈಲಿನೊಳಗೇ ಬರೆದು ಅದನ್ನು ಇಂಡೆಕ್ಸ್ 00 ಎಂದು ಗುರುತಿಸುತ್ತವೆ. ಇನ್ನು ಕೆಲವು ಅದನ್ನು ಬರೆಯದೆ ‘ಇಲ್ಲಿ 2 ಸೆಕೆಂಡ್ ಇತ್ತೆಂದು ಭಾವಿಸಿಕೋ’ ಎಂಬ ಅರ್ಥದಲ್ಲಿ ಪ್ರಿಗ್ಯಾಪ್ ಸಾಲು ಹಾಕುತ್ತವೆ. ಎರಡೂ ಸರಿಯೇ. ಬಿನ್ ಫೈಲಿನಲ್ಲಿ ತೆರಪು ಇದ್ದೂ ಕ್ಯೂ ಫೈಲಿನಲ್ಲಿ ಪ್ರಿಗ್ಯಾಪ್ ಸಾಲು ಉಳಿದುಬಿಟ್ಟಾಗ ಲೆಕ್ಕ ಎರಡು ಸಲ ಸೇರಿ, ಮುಂದಿನ ಟ್ರ್ಯಾಕ್‌ಗಳೆಲ್ಲ 2 ಸೆಕೆಂಡಿನಷ್ಟು ಸರಿದುಹೋಗುತ್ತವೆ.

ಕ್ಯೂ ಫೈಲಿನ ಮೂಲಕ ಒಂದು ಅನುಕೂಲವೂ ಇದೆ. ಎಲ್ಲ ಟ್ರ್ಯಾಕ್‌ಗಳೂ ಒಂದೇ ಬಿನ್ ಫೈಲಿನಲ್ಲಿ ಇರಲೇಬೇಕೆಂದಿಲ್ಲ. ಪ್ರತಿ ಟ್ರ್ಯಾಕಿಗೂ ಬೇರೆ ಫೈಲ್ ಸೂಚಿಸಬಹುದು. ಡಾಸ್‌ಬಾಕ್ಸ್ ಸಂಗೀತದ ಟ್ರ್ಯಾಕ್‌ಗಳನ್ನು ಕುಗ್ಗಿಸಿದ ಒಗ್ ಫೈಲುಗಳ ರೂಪದಲ್ಲೂ ಸ್ವೀಕರಿಸುತ್ತದೆ, ಅದರಿಂದ ಬಹಳ ಜಾಗ ಉಳಿಯುತ್ತದೆ. ಆದರೆ ಎಲ್ಲ ಎಮ್ಯುಲೇಟರುಗಳೂ ಇದನ್ನು ಒಪ್ಪುವುದಿಲ್ಲವಾದ್ದರಿಂದ ಮೂಲ ಬಿನ್ ಫೈಲನ್ನು ಅಳಿಸದೆ ಇಟ್ಟುಕೊಳ್ಳುವುದು ಒಳ್ಳೆಯದು.

ಸ್ವಂತ ಡಿಸ್ಕಿನಿಂದ ಇಮೇಜ್ ಮಾಡುವುದು

ವಿಂಡೋಸ್‌ನಲ್ಲಿ ಇಮ್‌ಗ್‌ಬರ್ನ್ ತಂತ್ರಾಂಶ ಡಿಸ್ಕಿನಲ್ಲಿ ಸಂಗೀತದ ಟ್ರ್ಯಾಕ್ ಇರುವುದನ್ನು ಕಂಡರೆ ತಾನಾಗಿಯೇ ಐಎಸ್‌ಒ ಬಿಟ್ಟು ಬಿನ್-ಕ್ಯೂ ಜೋಡಿಯನ್ನು ಆರಿಸಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಸಿಡಿಆರ್‌ಡಿಎಒ ಎಂಬ ಸಾಧನ ಬಳಕೆಯಲ್ಲಿದೆ. ಅದು ಬಿನ್ ಫೈಲಿನ ಜೊತೆಗೆ ಟಾಕ್ ಎಂಬ ತನ್ನದೇ ಸೂಚಿಯನ್ನು ಕೊಡುತ್ತದೆ, ಅದರೊಂದಿಗೇ ಬರುವ ಇನ್ನೊಂದು ಪುಟ್ಟ ಸಾಧನದಿಂದ ಅದನ್ನು ಕ್ಯೂ ರೂಪಕ್ಕೆ ತಿರುಗಿಸಬೇಕು.

ಸಿಡಿಆರ್‌ಡಿಎಒ ಬಳಸುವವರು ಒಂದು ಸಂಗತಿಯನ್ನು ಗಮನಿಸಬೇಕು. 16 ಬಿಟ್‌ಗಳ ಒಂದು ಅಳತೆ ಎರಡು ಬೈಟ್‌ಗಳಲ್ಲಿ ಇರುತ್ತದೆ. ಕ್ಯೂ ಫೈಲಿನಲ್ಲಿ ಬೈನರಿ ಎಂದಿದ್ದರೆ ಚಿಕ್ಕ ಬೆಲೆಯ ಬೈಟ್ ಮೊದಲು, ದೊಡ್ಡದು ಆಮೇಲೆ ಬರುತ್ತದೆಂದು ಅರ್ಥ. ಸಿಡಿಆರ್‌ಡಿಎಒ ಸಂಗೀತವನ್ನು ಇದಕ್ಕೆ ತಿರುಗುಮುರುಗಾಗಿ ಬರೆದಿಡುತ್ತದೆ. ಹಾಗೆ ಬರೆದ ಫೈಲನ್ನು ನೇರವಾಗಿ ಎಮ್ಯುಲೇಟರಿಗೆ ಕೊಟ್ಟರೆ ಆಟ ಸರಿಯಾಗಿ ನಡೆದೀತು, ಸಂಗೀತದ ಜಾಗದಲ್ಲಿ ಮಾತ್ರ ಭೋರ್ಗರೆಯುವ ಜಲಪಾತದಂತಹ ಗದ್ದಲ ಕೇಳೀತು. ಆ ಗದ್ದಲದ ಏರಿಳಿತದಲ್ಲಿ ಹಾಡಿನ ತಾಳ ಅಸ್ಪಷ್ಟವಾಗಿ ಹೊಳೆಯುತ್ತದೆ. ಬೈಟ್‌ಗಳು ಅದಲುಬದಲಾಗಿವೆ ಎಂಬುದಕ್ಕೆ ಅದೇ ಗುರುತು. ಕ್ಯೂ ರೂಪಕ್ಕೆ ತಿರುಗಿಸುವಾಗ ಬೈಟ್ ಅದಲುಬದಲು ಮಾಡುವ ಆಯ್ಕೆ ಆ ಸಾಧನದ ಈಚಿನ ಆವೃತ್ತಿಗಳಲ್ಲಿ ಇದೆ.

ಇಮೇಜ್ ಮಾಡದೆ ಅಸಲಿ ಡಿಸ್ಕನ್ನೇ ಆತಿಥೇಯದ ಡ್ರೈವಿಗೆ ಹಾಕಿ ಅತಿಥಿಗೆ ಒಪ್ಪಿಸಿದರೆ ಆಗದೇ ಎಂಬ ಪ್ರಶ್ನೆ ಸಹಜ. ಹಾಗೆ ಮಾಡಿದಾಗ ‘ನುಡಿಸು’ ಎಂಬ ಆದೇಶ ಅಸಲಿ ಡ್ರೈವನ್ನು ತಲುಪಿದರೂ, ಇಂದಿನ ಬಹುತೇಕ ಡ್ರೈವುಗಳ ಹಿಂಬದಿಯಲ್ಲಿ ನಾಲ್ಕು ಪಿನ್ನಿನ ಆ ಜೋಡಣೆ ಇಲ್ಲವಾದ್ದರಿಂದ ಸಂಗೀತ ಹೊರಬರಲು ದಾರಿಯೇ ಇರುವುದಿಲ್ಲ. ಡ್ರೈವಿನಿಂದ ಸಂಗೀತವನ್ನು ಅಂಕಿಗಳ ರೂಪದಲ್ಲೇ ಓದಿ ತಾನೇ ನುಡಿಸುವ ಎಮ್ಯುಲೇಟರ್ ಆಗಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ಇಮೇಜಿನ ದಾರಿಯೇ ಕಡಿಮೆ ತಲೆನೋವಿನದು.

ಅತಿಥಿಯೊಳಗಿನ ಸಿದ್ಧತೆ

ಡಾಸ್‌ಗೆ ಸಿಡಿ ಎಂಬುದು ಹುಟ್ಟಿನಿಂದ ಗೊತ್ತಿಲ್ಲ. ಅದಕ್ಕೆ ಎರಡು ಪದರಗಳ ನೆರವು ಬೇಕು: ಡಾಸ್ ಶುರುವಾಗುವಾಗ ಓದುವ ಕಾನ್ಫಿಗ್.ಸಿಸ್ ಫೈಲಿನಲ್ಲಿ ಡ್ರೈವಿನ ಡ್ರೈವರ್, ಆಟೊಎಕ್ಸೆಕ್.ಬ್ಯಾಟ್ ಫೈಲಿನಲ್ಲಿ ಸಿಡಿಯನ್ನು ಡಾಸ್‌ಗೆ ಒಂದು ಡ್ರೈವಿನಂತೆ ತೋರಿಸುವ ಮೈಕ್ರೊಸಾಫ್ಟ್‌ನ ತಂತ್ರಾಂಶ ಎಂಎಸ್‌ಸಿಡಿಇಎಕ್ಸ್. ಎರಡಕ್ಕೂ ಒಂದೇ ಹೆಸರಿನ ಗುರುತು ಕೊಟ್ಟಿರಬೇಕು, ಸಾಮಾನ್ಯವಾಗಿ ಅದು ಎಂಎಸ್‌ಸಿಡಿ001 ಎಂದಿರುತ್ತದೆ; ಇಲ್ಲವಾದರೆ ಒಂದು ಇನ್ನೊಂದನ್ನು ಗುರುತಿಸುವುದಿಲ್ಲ. ಡಾಸ್‌ಬಾಕ್ಸ್ ಈ ಪದರಗಳನ್ನು ತನ್ನೊಳಗೇ ಹೊಂದಿರುವುದರಿಂದ ಅಲ್ಲಿ ಕ್ಯೂ ಫೈಲನ್ನು ಇಮ್‌ಗ್‌ಮೌಂಟ್ ಆದೇಶದಿಂದ ಜೋಡಿಸಿದರೆ ಸಾಕು. ಬಿನ್ ಫೈಲನ್ನಲ್ಲ, ಕ್ಯೂ ಫೈಲನ್ನೇ ಜೋಡಿಸಬೇಕು ಎಂಬುದನ್ನು ಮರೆಯಬಾರದು.

ವಿಂಡೋಸ್ 3.1ರಲ್ಲಿ ಇನ್ನೊಂದು ಪದರವಿದೆ. ಅಲ್ಲಿನ ಪ್ರೋಗ್ರಾಮುಗಳು ಸಿಡಿ ಡ್ರೈವಿನೊಂದಿಗೆ ನೇರವಾಗಿ ಮಾತನಾಡದೆ ಎಂಸಿಐ ಎಂಬ ಮಧ್ಯವರ್ತಿಯ ಮೂಲಕ ಮಾತನಾಡುತ್ತವೆ. ಕಂಟ್ರೋಲ್ ಪ್ಯಾನೆಲ್‌ನ ಡ್ರೈವರ್ಸ್ ಭಾಗದಲ್ಲಿ ‘ಎಂಸಿಐ ಸಿಡಿ ಆಡಿಯೊ’ ಎಂಬುದು ಪಟ್ಟಿಯಲ್ಲಿ ಇಲ್ಲದಿದ್ದರೆ ಅದನ್ನು ಸೇರಿಸಬೇಕು. ಡಾಸ್‌ನಲ್ಲಿ ಸಿಡಿ ಕಾಣುತ್ತಿದೆ, ಡಾಸ್ ಆಟದಲ್ಲಿ ಸಂಗೀತವೂ ಬರುತ್ತಿದೆ, ವಿಂಡೋಸ್ 3.1ರಲ್ಲಿ ಮಾತ್ರ ಇಲ್ಲ ಎಂದಾದರೆ ಕಾರಣವನ್ನು ಮೊದಲು ಇಲ್ಲಿ ಹುಡುಕಬೇಕು.

ವಿಂಡೋಸ್ 95 ಮತ್ತು 98ರಲ್ಲಿ ಇವೆಲ್ಲ ಬಹುಮಟ್ಟಿಗೆ ತಾವಾಗಿಯೇ ಅಣಿಯಾಗುತ್ತವೆ. ಸಂಗೀತದ ಟ್ರ್ಯಾಕ್‌ಗಳನ್ನು ಎಕ್ಸ್‌ಪ್ಲೋರರ್ ‘ಟ್ರ್ಯಾಕ್02.ಸಿಡಿಎ’ ಎಂಬಂತಹ ಹೆಸರಿನ, ತಲಾ 44 ಬೈಟ್‌ಗಳ ಪುಟ್ಟ ಫೈಲುಗಳಾಗಿ ತೋರಿಸುತ್ತದೆ. ಇವು ಡಿಸ್ಕಿನಲ್ಲಿ ನಿಜವಾಗಿ ಇರುವ ಫೈಲುಗಳಲ್ಲ; ಟ್ರ್ಯಾಕ್ ಎಲ್ಲಿ ಶುರುವಾಗುತ್ತದೆ, ಎಷ್ಟು ಉದ್ದವಿದೆ ಎಂಬ ಮಾಹಿತಿಗೆ ವಿಂಡೋಸ್ ಕೊಡುವ ರೂಪ ಮಾತ್ರ. ಇವುಗಳನ್ನು ನಕಲು ಮಾಡಿ ಸಂಗೀತವನ್ನು ಉಳಿಸಿಕೊಂಡೆವೆಂದು ಭಾವಿಸಿ ಮೋಸಹೋದವರು ಆ ಕಾಲದಲ್ಲಿ ಕಡಿಮೆಯೇನಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಮಲ್ಟಿಮೀಡಿಯಾ ಭಾಗದಲ್ಲಿ ‘ಸಿಡಿ ಮ್ಯೂಸಿಕ್’ ಎಂಬ ಪುಟವಿದೆ. ಅತಿಥಿಗೆ ಎರಡು ಸಿಡಿ ಡ್ರೈವುಗಳನ್ನು ಕೊಟ್ಟಿದ್ದರೆ ಸಂಗೀತ ಯಾವುದರಿಂದ ಬರಬೇಕೆಂಬುದನ್ನು ಅಲ್ಲಿ ಹೇಳಬೇಕು.

ವಿಂಡೋಸ್ 2000 ಮತ್ತು ಎಕ್ಸ್‌ಪಿಯ ಕಾಲಕ್ಕೆ ಪ್ರೊಸೆಸರುಗಳು ಬಲಿಷ್ಠವಾಗಿದ್ದವು. ಡಿವೈಸ್ ಮ್ಯಾನೇಜರಿನಲ್ಲಿ ಸಿಡಿ ಡ್ರೈವಿನ ಪ್ರಾಪರ್ಟೀಸ್ ತೆರೆದರೆ ಡಿಜಿಟಲ್ ಸಿಡಿ ಆಡಿಯೊ ಬಳಸುವ ಆಯ್ಕೆ ಕಾಣುತ್ತದೆ. ಅದನ್ನು ಗುರುತು ಹಾಕಿದರೆ ವಿಂಡೋಸ್ ಡ್ರೈವಿಗೆ ನುಡಿಸಲು ಹೇಳುವುದಿಲ್ಲ, 2,352 ಬೈಟ್‌ಗಳ ಸೆಕ್ಟರುಗಳನ್ನು ತಾನೇ ಓದಿಕೊಂಡು ಬೇರೆಲ್ಲ ಸದ್ದಿನ ಹಾಗೆ ಸೌಂಡ್ ಕಾರ್ಡಿಗೆ ಕಳಿಸುತ್ತದೆ. ನುಡಿಸುವ ಆದೇಶವನ್ನು ಅರಿಯದ, ಆದರೆ ಸಂಗೀತದ ಸೆಕ್ಟರುಗಳನ್ನು ಓದಿಕೊಡಬಲ್ಲ ಎಮ್ಯುಲೇಟರಿನಲ್ಲಿ ಈ ಒಂದು ಗುರುತು ಮೌನವನ್ನು ಮುರಿಯಬಲ್ಲದು.

ಹಳೆಯ ಮ್ಯಾಕ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಎಕ್ಸ್‌ಟೆನ್ಶನ್ಸ್ ಫೋಲ್ಡರಿನಲ್ಲಿ ‘ಫಾರಿನ್ ಫೈಲ್ ಆಕ್ಸೆಸ್’ ಮತ್ತು ‘ಆಡಿಯೊ ಸಿಡಿ ಆಕ್ಸೆಸ್’ ಎರಡೂ ಇರಬೇಕು. ಅಸಲಿ ಮ್ಯಾಕ್‌ಗಳಲ್ಲಿ ಸೌಂಡ್ ಕಂಟ್ರೋಲ್ ಪ್ಯಾನೆಲ್ ತೆರೆದು ಒಳಬರುವ ಧ್ವನಿಯ ಮೂಲವಾಗಿ ‘ಇಂಟರ್ನಲ್ ಸಿಡಿ’ಯನ್ನು ಆರಿಸಿ, ಒಳಬಂದ ಧ್ವನಿಯನ್ನು ಸ್ಪೀಕರಿಗೆ ದಾಟಿಸುವ ಪ್ಲೇಥ್ರೂ ಎಂಬುದಕ್ಕೆ ಗುರುತು ಹಾಕಬೇಕಾಗುತ್ತಿತ್ತು. ಮ್ಯಾಕ್ ಓಎಸ್ 9.0.4ರವರೆಗೆ ನಡೆಸುವ ಎಮ್ಯುಲೇಟರ್ ಶೀಪ್‌ಶೇವರ್‌ನ ಮೂಲ ಕೋಡಿನಲ್ಲಿ ಬಿನ್-ಕ್ಯೂ ಓದುವ ಭಾಗ ಇದೆಯಾದರೂ, ಕಂಪೈಲ್ ಮಾಡುವಾಗ ಅದನ್ನು ಸೇರಿಸಿದ್ದರೆ ಮಾತ್ರ ಅದು ಕೈಗೆ ಸಿಗುತ್ತದೆ.

ಮಿಕ್ಸರಿನಲ್ಲಿ ಸಿಡಿಗೆ ಬೇರೆಯೇ ಕೀಲಿ

ಸೌಂಡ್ ಬ್ಲಾಸ್ಟರ್ 16ರಂತಹ ಕಾರ್ಡುಗಳ ಮಿಕ್ಸರಿನಲ್ಲಿ ಆಟದ ಸದ್ದಿಗೆ ಒಂದು, ಮಿಡಿ ಸಂಗೀತಕ್ಕೆ (ಸ್ವರಗಳ ಸೂಚನೆಯಿಂದ ಕಾರ್ಡೇ ನುಡಿಸುವ ಸಂಗೀತ) ಒಂದು, ಸಿಡಿಗೆ ಒಂದು ಎಂಬಂತೆ ಪ್ರತ್ಯೇಕ ಧ್ವನಿ ನಿಯಂತ್ರಣಗಳಿವೆ. ಸಿಡಿಯದು ಸೊನ್ನೆಯಲ್ಲಿದ್ದರೆ ಉಳಿದುವನ್ನು ಎಷ್ಟು ಏರಿಸಿದರೂ ಸಂಗೀತ ಕೇಳದು. ವಿಂಡೋಸ್ 95ರಲ್ಲಿ ಗಡಿಯಾರದ ಪಕ್ಕದ ಸ್ಪೀಕರ್ ಚಿತ್ರದ ಮೇಲೆ ಎರಡು ಸಲ ಒತ್ತಿದರೆ ಈ ನಿಯಂತ್ರಣಗಳು ಸಾಲಾಗಿ ತೆರೆದುಕೊಳ್ಳುತ್ತವೆ. ಸಿಡಿ ಎಂಬ ಅಂಕಣ ಅಲ್ಲಿ ಕಾಣದೇ ಹೋದರೆ ಆಪ್ಷನ್ಸ್ ಮೆನುವಿನ ಪ್ರಾಪರ್ಟೀಸ್‌ನಲ್ಲಿ ಅದಕ್ಕೆ ಗುರುತು ಹಾಕಿ ಕಾಣಿಸಿಕೊಳ್ಳುವಂತೆ ಮಾಡಬೇಕು. ಕೆಳಗಿನ ಮ್ಯೂಟ್ ಚೌಕವನ್ನೂ ನೋಡಬೇಕು. ಡಾಸ್‌ಬಾಕ್ಸಿನಲ್ಲಿ ಮಿಕ್ಸರ್ ಎಂಬ ಆದೇಶ ಕೊಟ್ಟರೆ ಬರುವ ಪಟ್ಟಿಯಲ್ಲಿ ಸಿಡಿಆಡಿಯೊ ಎಂಬ ಸಾಲು ಇರುತ್ತದೆ. ಇಮೇಜ್ ಜೋಡಿಸಿದ ಮೇಲೂ ಆ ಸಾಲು ಕಾಣದಿದ್ದರೆ ಜೋಡಣೆಯೇ ಸರಿಯಾಗಿಲ್ಲ ಎಂದರ್ಥ.

ಲಕ್ಷಣದಿಂದ ಮೂಲಕ್ಕೆ

ಆಟವನ್ನು ಬದಿಗಿಟ್ಟು ಅತಿಥಿಯ ಸ್ವಂತ ಸಿಡಿ ಪ್ಲೇಯರ್ ಪ್ರೋಗ್ರಾಮಿನಿಂದ ಪರೀಕ್ಷೆ ಆರಂಭಿಸುವುದು ಸರಿಯಾದ ಕ್ರಮ. ಪ್ಲೇಯರ್ ಡಿಸ್ಕಿನಲ್ಲಿ ಸಂಗೀತದ ಟ್ರ್ಯಾಕೇ ಇಲ್ಲವೆಂದರೆ ತೊಂದರೆ ಇಮೇಜಿನದು ಅಥವಾ ವಿಷಯಸೂಚಿಯನ್ನು ಕೊಡದ ಎಮ್ಯುಲೇಟರಿನದು; ಮಿಕ್ಸರಿನಲ್ಲಿ ಹುಡುಕುವುದು ವ್ಯರ್ಥ. ಟ್ರ್ಯಾಕ್‌ಗಳು ಕಾಣುತ್ತವೆ, ಆದರೆ ನುಡಿಸುವ ಗುಂಡಿ ಒತ್ತಿದಾಗ ಸಮಯದ ಅಂಕಿ ಮುಂದೆ ಓಡುವುದಿಲ್ಲ ಎಂದಾದರೆ ಆದೇಶ ಡ್ರೈವನ್ನು ತಲುಪುತ್ತಿಲ್ಲ ಅಥವಾ ಡ್ರೈವಿಗೆ ಅದು ಅರ್ಥವಾಗುತ್ತಿಲ್ಲ. ಅಂಕಿ ಓಡುತ್ತಿದೆ, ಸದ್ದು ಮಾತ್ರ ಇಲ್ಲ ಎಂಬ ಸ್ಥಿತಿ ಎಲ್ಲಕ್ಕಿಂತ ಆಶಾದಾಯಕ. ಇಮೇಜ್, ಡ್ರೈವರ್, ಎಂಸಿಐ ಎಲ್ಲವೂ ಸರಿಯಿದ್ದು, ಉಳಿದಿರುವುದು ಮಿಕ್ಸರ್ ಅಥವಾ ಡಿಜಿಟಲ್ ಆಡಿಯೊದ ಆ ಗುರುತು ಮಾತ್ರ.

ಪ್ಲೇಯರಿನಲ್ಲಿ ಸಂಗೀತ ಬಂದು ಆಟದಲ್ಲಿ ಬರದಿದ್ದರೆ ಆಟದ ಸೆಟಪ್ ಪ್ರೋಗ್ರಾಮಿನಲ್ಲಿ ಸಂಗೀತದ ಮೂಲವಾಗಿ ಸಿಡಿಯನ್ನು ಆರಿಸಲಾಗಿದೆಯೇ ಎಂದು ನೋಡಬೇಕು. ಕ್ವೇಕ್‌ನಂತಹ ಆಟದಲ್ಲಿ ಆದೇಶ ಬರೆಯುವ ಕನ್ಸೋಲ್ ತೆರೆದು ‘ಸಿಡಿ ಪ್ಲೇ 2’ ಎಂದು ಬರೆದು ನೇರವಾಗಿಯೇ ಪರೀಕ್ಷಿಸಬಹುದು. ಪ್ರತಿ ಹಾಡೂ 2 ಸೆಕೆಂಡ್ ತಡವಾಗಿ ಅಥವಾ ಹಿಂದಿನ ಹಾಡಿನ ಬಾಲದೊಂದಿಗೆ ಶುರುವಾಗುತ್ತಿದ್ದರೆ ಅದು ಪ್ರಿಗ್ಯಾಪ್ ಲೆಕ್ಕದ ತಪ್ಪು.

ಹಾಡು ಒಮ್ಮೆ ಮುಗಿದ ಮೇಲೆ ಮತ್ತೆ ಶುರುವಾಗುವುದೇ ಇಲ್ಲ ಎಂಬ ತೊಂದರೆ ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು. ಡ್ರೈವಿಗೆ ಹಾಡನ್ನು ತಾನಾಗಿ ಮರಳಿ ನುಡಿಸುವುದು ತಿಳಿಯದು; ‘ಮುಗಿಯಿತೇ’ ಎಂದು ಆಟವೇ ಆಗಾಗ ವಿಚಾರಿಸಿ, ಮುಗಿದಿದ್ದರೆ ಹೊಸ ಆದೇಶ ಕೊಡಬೇಕು. ಎಮ್ಯುಲೇಟರ್ ಈ ಪ್ರಶ್ನೆಗೆ ‘ಇನ್ನೂ ನುಡಿಸುತ್ತಿದ್ದೇನೆ’ ಎಂಬ ಉತ್ತರವನ್ನೇ ಕೊಡುತ್ತಿದ್ದರೆ ಆಟ ಕಾಯುತ್ತಲೇ ಇರುತ್ತದೆ. ಬಳಕೆದಾರ ಸೆಟ್ಟಿಂಗ್ ಬದಲಿಸಿ ಸರಿಪಡಿಸುವ ದೋಷ ಇದಲ್ಲ. ಎಮ್ಯುಲೇಟರಿನ ಹೊಸ ಆವೃತ್ತಿಯನ್ನು ಅಥವಾ ಬೇರೆ ಎಮ್ಯುಲೇಟರನ್ನು ಪ್ರಯತ್ನಿಸಬೇಕಾಗುತ್ತದೆ.

ಎಮ್ಯುಲೇಟರ್ ಬದಲಿಸಲು ಸಾಧ್ಯವೇ ಇಲ್ಲದವರಿಗೆ, ಆಟ ವಿಂಡೋಸ್‌ನದಾಗಿದ್ದರೆ, ಇನ್ನೊಂದು ದಾರಿಯಿದೆ. ವಿಂಡೋಸ್ ಆಟಗಳು ಸಿಡಿ ನುಡಿಸಲು ಸಾಮಾನ್ಯವಾಗಿ ವಿನ್‌ಎಂಎಂ.ಡಿಎಲ್‌ಎಲ್ ಎಂಬ ಫೈಲಿನ ಮೂಲಕ ಎಂಸಿಐಯನ್ನು ಕರೆಯುತ್ತವೆ. ಒಗ್-ವಿನ್‌ಎಂಎಂನಂತಹ ಯೋಜನೆಗಳು ಅದೇ ಹೆಸರಿನ ಬದಲಿ ಫೈಲನ್ನು ಒದಗಿಸುತ್ತವೆ. ಅದನ್ನು ಆಟದ ಫೋಲ್ಡರಿನಲ್ಲಿ ಇಟ್ಟರೆ, ‘2ನೇ ಟ್ರ್ಯಾಕ್ ನುಡಿಸು’ ಎಂಬ ಕರೆ ಬಂದಾಗ ಅದು ಸಿಡಿಯ ಗೊಡವೆಗೇ ಹೋಗದೆ, ಮೊದಲೇ ತೆಗೆದಿಟ್ಟ ಒಗ್ ಫೈಲೊಂದನ್ನು ಆಟದ ಉಳಿದ ಸದ್ದು ಸಾಗುವ ದಾರಿಯಲ್ಲೇ ನುಡಿಸುತ್ತದೆ. ಬದಲಿ ಫೈಲ್ ಅತಿಥಿಯ ವಿಂಡೋಸ್ ಆವೃತ್ತಿಯಲ್ಲಿ ನಡೆಯುವಂಥದ್ದೇ ಎಂಬುದನ್ನು ಮಾತ್ರ ಮೊದಲು ನೋಡಿಕೊಳ್ಳಬೇಕು. ಡಾಸ್ ಆಟಗಳು ಎಂಎಸ್‌ಸಿಡಿಇಎಕ್ಸ್ ಅನ್ನೇ ನೇರವಾಗಿ ಕೇಳುವುದರಿಂದ ಈ ಉಪಾಯ ಅವುಗಳಿಗೆ ಅನ್ವಯಿಸುವುದಿಲ್ಲ.